ಕಟ್ಟೆಯ ನೀರಿಗೆ ಹಿಸ್ಸಾ ನಂಬರ್ ಇಲ್ಲ

ಜಂಟಿ ಖಾತೆಯ ಜಮೀನಿನಲ್ಲಿ ಒಂದು ಕಟ್ಟೆಯೋ ಕುಂಟೆಯೋ ಇದ್ದರೆ ಅಲ್ಲಿ ಎರಡು ಆಸ್ತಿ ಇದ್ದಂತೆ. ಒಂದು, ಅಳೆದು ಕಲ್ಲು ನೆಡಬಹುದಾದ ನೆಲ. ಇನ್ನೊಂದು, ಎಲ್ಲಿಯೂ ಕಲ್ಲು ನೆಡಲಾಗದ ನೀರು. ನೆಲವನ್ನು ಎಕರೆ, ಗುಂಟೆ, ಆಣೆಯವರೆಗೆ ಒಡೆಯಲು ಕಂದಾಯ ಇಲಾಖೆಯಲ್ಲಿ ಅಳತೆಯಿದೆ, ನಕ್ಷೆಯಿದೆ, ಹಿಸ್ಸಾ ನಂಬರಿದೆ. ನೀರಿಗೆ ಅದಾವುದೂ ಇಲ್ಲ. ಅಣ್ಣತಮ್ಮಂದಿರು ಭಾಗವಾದಾಗ ಪಾಲುಪಟ್ಟಿಯಲ್ಲಿ ಕಟ್ಟೆಯ ಬಗ್ಗೆ ಹೆಚ್ಚೆಂದರೆ ‘ಎಲ್ಲರೂ ಸಮನಾಗಿ ಅನುಭವಿಸತಕ್ಕದ್ದು’ ಎಂಬ ಒಂದು ಸಾಲು ಬರುತ್ತದೆ. ಮುಂದಿನ ತಲೆಮಾರು ಕೋರ್ಟಿನ ಮೆಟ್ಟಿಲು ಹತ್ತುವುದು ಬಹುಮಟ್ಟಿಗೆ ಆ ಒಂದು ಸಾಲಿನಿಂದ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಸುತ್ತಮುತ್ತ ಈ ವಿಷಯ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ನೀರಾವರಿಯ ಎರಡು ಬಗೆಗಳು ಅಕ್ಕಪಕ್ಕದಲ್ಲೇ ಇವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಇಲ್ಲಿ ಅಣೆಕಟ್ಟು ಕಟ್ಟಲಾಯಿತು. ಸುಮಾರು 4,100 ಚದರ ಕಿಲೋಮೀಟರ್ ಜಲಾನಯನ ಪ್ರದೇಶ, 2.4 ಟಿಎಂಸಿ ಅಡಿಯಷ್ಟು ಸಂಗ್ರಹ, 15,000 ಎಕರೆಯಷ್ಟು ಅಚ್ಚುಕಟ್ಟು ಇದಕ್ಕಿದೆ. ನೀರು ಗರಿಷ್ಠ ಮಟ್ಟ ಮುಟ್ಟಿದ ಕೂಡಲೇ ಯಾರೂ ಗೇಟು ಎತ್ತದೆ ತಾನಾಗಿಯೇ ಹೊರಹೋಗುವ ಸೈಫನ್ ವ್ಯವಸ್ಥೆಯಿಂದ ಈ ಜಲಾಶಯ ಹೆಸರಾಗಿದೆ. ಅಚ್ಚುಕಟ್ಟಿನೊಳಗಿನ ಗದ್ದೆಗೆ ಬರುವುದು ಸರ್ಕಾರದ ನೀರು. 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ ಅದನ್ನು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಎಂಬುದು ಇಲಾಖೆಯ ತೀರ್ಮಾನ. ಅಲ್ಲಿ ರೈತರ ತಕರಾರು ಏನಿದ್ದರೂ ನಾಲೆಯ ಮೇಲಿನವರಿಗೂ ಕೊನೆಯವರಿಗೂ, ಅಥವಾ ರೈತರಿಗೂ ಇಲಾಖೆಗೂ ನಡುವಿನದು. ನಾಲೆ ಮುಟ್ಟದ ಎತ್ತರದ ಹೊಲಗಳ ಕಥೆ ಬೇರೆ. ಅಲ್ಲಿ ರಾಗಿ, ತೆಂಗು, ಅಡಿಕೆ ನಂಬಿರುವುದು ಅಜ್ಜನ ಕಾಲದ ಕಟ್ಟೆಯನ್ನು, ತೆರೆದ ಬಾವಿಯನ್ನು, ಈಚಿನ ಕೃಷಿ ಹೊಂಡವನ್ನು. ಅವಕ್ಕೆ ಇಂಜಿನಿಯರ್ ಇಲ್ಲ, ವೇಳಾಪಟ್ಟಿ ಇಲ್ಲ. ಇರುವುದು ಪಾಲುದಾರರು ಮಾತ್ರ.

ಹಂಚಿ ಬಳಸುವ ನೀರಿಗೆ ನಿಯಮವೇ ಇಲ್ಲದ ನಾಡಲ್ಲ ಇದು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಬೇಕಾದಷ್ಟಿದೆ. ಊರ ಕೆರೆಯ ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸವಾಗಿತ್ತು. ಯಾರ ಗದ್ದೆಗೆ ಯಾವ ರಾತ್ರಿ ನೀರು ಹಾಯಬೇಕು ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಕೆರೆ ಅರ್ಧವೇ ತುಂಬಿದ ವರ್ಷ ಕೋಲಾರದ ಕಡೆಯ ಊರುಗಳಲ್ಲಿ ದಾಮಾಶಾ ಎಂಬ ಪದ್ಧತಿ ಜಾರಿಗೆ ಬರುತ್ತಿತ್ತು. ತೂಬಿಗೆ ಹತ್ತಿರದ, ಇರುವ ನೀರಿನಲ್ಲಿ ಬೆಳೆಯಬಲ್ಲಷ್ಟು ಗದ್ದೆಯನ್ನು ಮಾತ್ರ ಆರಿಸಿಕೊಂಡು, ಅದನ್ನೇ ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಗೆ ತಕ್ಕಂತೆ ಆ ವರ್ಷಕ್ಕೆ ಹಂಚುತ್ತಿದ್ದರು. ಯಾರ ಗದ್ದೆಯಲ್ಲಿ ಯಾರೋ ಉಳುತ್ತಿದ್ದರು. ಒಡೆತನಕ್ಕೆ ಅದರಿಂದ ಕುಂದು ಬರುತ್ತಿರಲಿಲ್ಲ. ನೆಲದ ಲೆಕ್ಕವನ್ನು ನೀರಿನ ಲೆಕ್ಕಕ್ಕೆ ಬಗ್ಗಿಸಿದ ಇಂಥ ಏರ್ಪಾಡು ಇಂದಿನ ಯಾವ ಪಾಲುಪಟ್ಟಿಯಲ್ಲೂ ಕಾಣುವುದಿಲ್ಲ, ಇದು ದೊಡ್ಡ ನಷ್ಟವೇ ಸರಿ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ನೀರುಗಂಟಿಯ ಇನಾಮು ಭೂಮಿ ಅವನ ಖಾಸಗಿ ಜಮೀನಾಯಿತು. ಹುಟ್ಟಿನಿಂದ ಕಟ್ಟಿಹಾಕುವ ಚಾಕರಿ ಹೋದದ್ದು ನ್ಯಾಯವೇ. ಆದರೆ ನೀರು ಹಂಚುವ ಆ ಕೆಲಸಕ್ಕೆ ಬೇರೆ ಆಳು ಬರಲಿಲ್ಲ.

ಈಗಿನ ವ್ಯಾಜ್ಯದಲ್ಲಿ ಮೊದಲ ಪ್ರಶ್ನೆ, ಕಟ್ಟೆ ಯಾರದು ಎಂಬುದು. ಉತ್ತರ ಪಹಣಿಯ ಮೂರನೇ ಕಲಂನಲ್ಲಿದೆ, ಆದರೆ ಹೆಚ್ಚಿನವರು ನೇರವಾಗಿ ಹೆಸರಿರುವ ಒಂಬತ್ತನೇ ಕಲಂಗೆ ಕಣ್ಣು ಹಾಯಿಸುತ್ತಾರೆ. ಮೂರನೇ ಕಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದು ಎರಡು ಬಗೆಯಿದೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 21ನೇ ನಿಯಮದಂತೆ, ಸಾಗುವಳಿಗೆ ಬಾರದ ನೆಲ, ಕಣ, ಜಮೀನಿನ ಮನೆ ಮೊದಲಾದವು ‘ಅ’ ಖರಾಬು. ಕಂದಾಯವಿಲ್ಲದಿದ್ದರೂ ಅದು ಆ ಸರ್ವೆ ನಂಬರಿನ ಒಡೆಯರಿಗೇ ಸೇರಿ ಬರುತ್ತದೆ. ದಾರಿ, ಸ್ಮಶಾನ, ಜಮೀನಿನವರಲ್ಲದೆ ಬೇರೆಯವರೂ ಬೇಸಾಯಕ್ಕೆ, ಕುಡಿಯಲು, ಮನೆಬಳಕೆಗೆ ಉಪಯೋಗಿಸುವ ಕೆರೆ ಹಳ್ಳಗಳು ‘ಬ’ ಖರಾಬು. ಅದು ಸಾರ್ವಜನಿಕರದು. ಭೂಕಂದಾಯ ಕಾಯ್ದೆಯ 67ನೇ ಕಲಮು ಖಾಸಗಿಯವರದಲ್ಲದ ಕೆರೆ, ಹಳ್ಳ, ನಿಂತ ನೀರು, ಹರಿವ ನೀರು ಎಲ್ಲವನ್ನೂ ರಾಜ್ಯ ಸರ್ಕಾರದ ಸ್ವತ್ತು ಎನ್ನುತ್ತದೆ. ಊರ ದನಕರು ನೀರು ಕುಡಿಯುತ್ತಿದ್ದ ಗೋಕಟ್ಟೆಯನ್ನು ನಾಲ್ಕು ಜನ ದಾಯಾದಿಗಳು ತಮ್ಮೊಳಗೆ ಹಂಚಿಕೊಂಡರೆ, ಆ ಪಾಲುಪಟ್ಟಿ ನೋಂದಣಿಯಾಗಿದ್ದರೂ ಅವರಿಗೆ ಅದರ ಮೇಲೆ ಹಕ್ಕು ಹುಟ್ಟುವುದಿಲ್ಲ. ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ 2001ರಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಊರ ಕೆರೆಕುಂಟೆಗಳು ಸಮುದಾಯದ ಸ್ವತ್ತು, ಒತ್ತುವರಿ ಎಷ್ಟು ಹಳೆಯದಾದರೂ ಸಕ್ರಮವಾಗದು ಎಂದು ಖಡಾಖಂಡಿತವಾಗಿ ಹೇಳಿದೆ. ಹಾಗಾಗಿ ದಾಯಾದಿಗಳ ದಾವೆಗೆ ಮುನ್ನ ಆಕಾರ್‌ಬಂದ್, ಟಿಪ್ಪಣಿ, ಹಳೆಯ ಗ್ರಾಮ ನಕ್ಷೆ ತೆಗೆಸಿ ನೋಡುವುದು ಒಳಿತು. ಇಬ್ಬರೂ ತಮ್ಮದೆಂದು ಹೊಡೆದಾಡುತ್ತಿರುವ ಕಟ್ಟೆ ಇಬ್ಬರದೂ ಆಗಿರದ ಸಂದರ್ಭಗಳಿವೆ.

ಕಟ್ಟೆ ಖಾಸಗಿಯದೇ ಎಂದಾದರೆ, ಜಂಟಿ ಒಡೆತನ ಎಂದರೇನು ಎಂಬುದು ಮುಂದಿನ ಮಾತು. ಭಾಗವಾಗುವ ತನಕ ಪ್ರತಿ ಪಾಲುದಾರನಿಗೂ ಜಮೀನಿನ ಪ್ರತಿ ಮಣ್ಣಹೆಂಟೆಯಲ್ಲಿ, ಕಟ್ಟೆಯ ಪ್ರತಿ ಕೊಡ ನೀರಿನಲ್ಲಿ ಹಕ್ಕಿರುತ್ತದೆ. ‘ನಾನು ಉಳುತ್ತಿರುವುದು ಈ ಮೂಲೆ, ಆದ್ದರಿಂದ ಇದು ನನ್ನದು’ ಎಂಬ ವಾದ ನಿಲ್ಲುವುದಿಲ್ಲ. ಒಬ್ಬನ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ. ಬೆಂಗಳೂರಿಗೆ ಹೋಗಿ ಮೂವತ್ತು ವರ್ಷವಾದ ತಮ್ಮನಿಗೂ, ಮದುವೆಯಾಗಿ ಹೋದ ಅಕ್ಕನಿಗೂ ಊರಲ್ಲಿರುವವನ ಉಳುಮೆಯಿಂದ ಹಕ್ಕು ಹೋಗುವುದಿಲ್ಲ. ಪಿ. ಲಕ್ಷ್ಮೀ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರ ಹೊತ್ತಿಗೇ ಇದನ್ನು ಸ್ಪಷ್ಟಪಡಿಸಿತ್ತು: ‘ನಿನಗೆ ಇಲ್ಲಿ ಹಕ್ಕಿಲ್ಲ’ ಎಂದು ಬಹಿರಂಗವಾಗಿ ಹೊರಗಟ್ಟಿದ್ದು ಸಾಬೀತಾಗಬೇಕು, ಅಲ್ಲಿಂದಾಚೆಗೆ ಹನ್ನೆರಡು ವರ್ಷ ಎದುರು ಸ್ವಾಧೀನ ನಡೆದಿರಬೇಕು. ಸುಮ್ಮನೆ ಉತ್ತಿದ್ದು, ಕಂದಾಯ ಕಟ್ಟಿದ್ದು ಸಾಲದು. ಈ ಕಾರಣಕ್ಕೇ ಒಬ್ಬ ಪಾಲುದಾರನ ಮೇಲೆ ಇನ್ನೊಬ್ಬ ತಡೆಯಾಜ್ಞೆ ಕೇಳಿದರೆ ಕೋರ್ಟು ಸುಲಭಕ್ಕೆ ಕೊಡುವುದಿಲ್ಲ. ಕಟ್ಟೆ ಮುಚ್ಚುವುದು, ಏರಿ ಒಡೆಯುವುದು, ಆಸ್ತಿಯ ಸ್ವರೂಪವನ್ನೇ ಕೆಡಿಸುವುದು, ಉಳಿದವರನ್ನು ಪೂರ್ತಿ ಹೊರಗಿಡುವುದು ನಡೆದಿದ್ದರೆ ಮಾತ್ರ ಅಲ್ಲಿ ತಡೆಗೆ ಆಸ್ಪದ.

ಲೆಕ್ಕ ಹಾಕಿ ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. 4 ಎಕರೆ 20 ಗುಂಟೆಯ ಸರ್ವೆ ನಂಬರು. ಅದರಲ್ಲಿ 12 ಗುಂಟೆ ಕಟ್ಟೆ. ಪಾಲುದಾರರು ನಾಲ್ಕು ಜನ ಎಂದಿಟ್ಟುಕೊಳ್ಳಬಹುದು. ಒಟ್ಟು 180 ಗುಂಟೆಯಲ್ಲಿ ಕಟ್ಟೆ ಕಳೆದರೆ 168. ತಲಾ 42 ಗುಂಟೆ, ಅಂದರೆ 1 ಎಕರೆ 2 ಗುಂಟೆ. ಇಲ್ಲಿಯವರೆಗೆ ಭೂಮಾಪಕರ ಕೆಲಸ ಸಲೀಸು. ಕಟ್ಟೆಯನ್ನೂ ಹೀಗೇ ತಲಾ 3 ಗುಂಟೆಗೆ ಒಡೆದು ನಡುವೆ ಬದು ಹಾಕಿದರೆ ಅದು ಕಟ್ಟೆಯಾಗಿ ಉಳಿಯುವುದಿಲ್ಲ. ನೀರು ಬರುವ ಬಾಯಿ ಒಬ್ಬನ ಪಾಲಿಗೆ, ಆಳದ ಗುಂಡಿ ಇನ್ನೊಬ್ಬನ ಪಾಲಿಗೆ, ಕೋಡಿ ಮತ್ತೊಬ್ಬನ ಪಾಲಿಗೆ ಬೀಳುತ್ತದೆ. ನಾಲ್ಕನೆಯವನಿಗೆ ಮಾರ್ಚ್ ಬರುವಷ್ಟರಲ್ಲಿ ಬಿರುಕುಬಿಟ್ಟ ಕೆಸರು. ಹಾಗೆಂದು ಕಟ್ಟೆಯನ್ನು ಒಬ್ಬನಿಗೇ ಬಿಟ್ಟರೆ ಉಳಿದ ಮೂವರ ತೆಂಗಿನ ಗತಿ ಮುಗಿಯಿತು.

ಆದ್ದರಿಂದ ನೀರನ್ನು ಜಾಗದಲ್ಲಿ ಹಂಚಲಾಗದು, ಹೊತ್ತಿನಲ್ಲಿ ಹಂಚಬೇಕು. ಕಪಿಲೆಯ ಕಾಲದಲ್ಲಿ ಸರದಿ ಎಂಬುದು ಎತ್ತಿನ ದಣಿವಿಗೆ ಕಟ್ಟುಬಿದ್ದಿತ್ತು. ಒಂದು ಜೊತೆ ಎತ್ತು ಎಳೆಯುವಷ್ಟೇ ನೀರು, ಅದಕ್ಕಿಂತ ಹೆಚ್ಚು ಎತ್ತಲು ಯಾರಿಗೂ ಆಗುತ್ತಿರಲಿಲ್ಲ. ಮೋಟರ್ ಬಂದ ಮೇಲೆ ಆ ಮಿತಿ ಹೋಯಿತು. ಮೂರು ಎಚ್‌ಪಿಯವನೂ ಏಳೂವರೆ ಎಚ್‌ಪಿಯವನೂ ಒಂದೇ ಕಟ್ಟೆಗೆ ಪೈಪು ಇಳಿಸಿ ತಲಾ ಒಂದು ದಿನ ಎಂದು ಮಾತಾಡಿಕೊಂಡರೆ ದಿನ ಸಮ, ನೀರು ಸಮವಲ್ಲ. ಕರೆಂಟಿನದು ಇನ್ನೊಂದು ಗೋಳು. ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ ಬರುವುದು ದಿನಕ್ಕೆ ಕೆಲವೇ ಗಂಟೆ. ಒಂದು ವಾರ ಹಗಲು, ಒಂದು ವಾರ ರಾತ್ರಿ ಕರೆಂಟು ಕೊಡುವ ಫೀಡರ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ವಾರಕ್ಕೊಮ್ಮೆ ಸರದಿ ಬದಲಿಸಿಕೊಂಡರೆ ಆಗುವುದೇನು? ಅಣ್ಣನಿಗೆ ಪ್ರತಿ ಸಲವೂ ಹಗಲು ಬಂದರೆ ತಮ್ಮನಿಗೆ ಪ್ರತಿ ಸಲವೂ ರಾತ್ರಿಯೇ ಬರುತ್ತದೆ. ಯಾರೂ ಮೋಸ ಮಾಡಿಲ್ಲ, ಆದರೂ ಒಬ್ಬ ಮಾತ್ರ ವರ್ಷವಿಡೀ ಟಾರ್ಚು ಹಿಡಿದು ಹಾವಿನ ಭಯದಲ್ಲಿ ಸ್ಟಾರ್ಟರ್ ಬಳಿ ಹೋಗಬೇಕು. ಹತ್ತು ದಿನಕ್ಕೋ ಮೂರು ದಿನಕ್ಕೋ ಸರದಿ ಇಟ್ಟಿದ್ದರೆ ಹಗಲು ರಾತ್ರಿ ತಾನಾಗಿ ಹಂಚಿಹೋಗುತ್ತಿತ್ತು. ಇಂಥ ಸಣ್ಣ ಸಂಗತಿಯನ್ನು ಯಾವ ಕಾಯ್ದೆಯೂ ಹೇಳಿಕೊಡುವುದಿಲ್ಲ.

ಆರ್‌ಆರ್ ನಂಬರ್ ತಕರಾರಿನ ಇನ್ನೊಂದು ಮೂಲ. ವಿದ್ಯುತ್ ಸಂಪರ್ಕ ಒಬ್ಬರ ಹೆಸರಿನಲ್ಲೇ ಇರುತ್ತದೆ. ಸಾಮಾನ್ಯವಾಗಿ ತಂದೆಯದು, ತಂದೆ ತೀರಿದ ಮೇಲೆ ಹಿರಿಮಗನದು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇರುವುದರಿಂದ ಆ ನಂಬರಿಗೆ ಬೆಲೆ ಹೆಚ್ಚು. ಸಂಪರ್ಕ ಹೆಸರಿಗಿದ್ದ ಮಾತ್ರಕ್ಕೆ ನೀರೂ ತನ್ನದೆಂದು ಒಬ್ಬ ನಂಬುತ್ತಾನೆ; ಮೋಟರ್ ಸುಟ್ಟಾಗ ರಿವೈಂಡಿಂಗ್ ಖರ್ಚು ಕೊಡದವನಿಗೆ ನೀರಿಲ್ಲ ಎನ್ನುತ್ತಾನೆ. ಕಾನೂನಿನ ಕಣ್ಣಿಗೆ ಸಂಪರ್ಕವೇ ಬೇರೆ, ನೀರಿನ ಹಕ್ಕೇ ಬೇರೆ. ಖರ್ಚಿನ ಪಾಲು ವಸೂಲಿ ಮಾಡಿಕೊಳ್ಳುವ ಹಕ್ಕು ಅವನಿಗಿದೆ, ನೀರು ನಿಲ್ಲಿಸುವ ಹಕ್ಕಿಲ್ಲ. ಜಗಳದಲ್ಲಿ ಮೋಟರ್ ನಿಂತ ದಿನವೂ ನೀರು ಕಡಿಮೆಯಾಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೂ 12 ಗುಂಟೆಯ ತುಂಬಿದ ಕಟ್ಟೆಯಿಂದ ಸುಮಾರು 6,000 ಲೀಟರ್ ಯಾರ ಗಿಡಕ್ಕೂ ಆಗದೆ ಹೋಗುತ್ತದೆ.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಜಮೀನುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೃಷಿ ಹೊಂಡಗಳು ಬಂದವು. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಜಂಟಿ ಖಾತೆಯಲ್ಲಿ ಮಾತ್ರ ಅದೂ ತಕರಾರಿಗೆ ಎಡೆಯಾಗುತ್ತದೆ. ಭಾಗವಾಗದ ಜಮೀನಿನಲ್ಲಿ ಒಬ್ಬ ಹೊಂಡ ತೆಗೆಸುತ್ತಾನೆ. ಉಳಿದವರು ಆಗ ಒಪ್ಪಿರುತ್ತಾರೆ. ಭಾಗವಾಗುವಾಗ ಹೊಂಡ ಇರುವ ತುಂಡು ತನಗೇ ಬೇಕು ಎಂದು ಅವನು, ಅದು ಜಂಟಿ ಜಮೀನಿನಲ್ಲಿ ಸರ್ಕಾರದ ಸಹಾಯಧನದಲ್ಲಿ ಆದದ್ದು ಎಂದು ಉಳಿದವರು. ಕೋರ್ಟುಗಳು ಸಾಮಾನ್ಯವಾಗಿ ಅಭಿವೃದ್ಧಿಪಡಿಸಿದವನಿಗೆ ಆ ಭಾಗವನ್ನೇ ಕೊಟ್ಟು ಉಳಿದವರ ಪಾಲನ್ನು ಸರಿತೂಗಿಸಲು ನೋಡುತ್ತವೆ. ಹೊಂಡಕ್ಕೆ ನೀರು ಹರಿದುಬರುವುದು ಉಳಿದವರ ಹೊಲದ ಇಳಿಜಾರಿನಿಂದ ಎಂಬ ಮಾತು ಮಾತ್ರ ಆ ತೂಕದಲ್ಲಿ ಬಿಟ್ಟುಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಮೇಲಿನ ಹೊಲದವನು ಬದು ಏರಿಸಿದರೆ ಹೊಂಡ ಒಣಗುತ್ತದೆ. ಹೂಳಿನ ವಿಷಯವೂ ಹೀಗೆಯೇ. ಕಟ್ಟೆಯ ಗೋಡು ತೋಟಕ್ಕೆ ಬಂಗಾರ. ತೆಗೆಯುವಾಗ ಕೈಜೋಡಿಸದವರೂ ಹಂಚುವಾಗ ಟ್ರ್ಯಾಕ್ಟರ್ ತರುತ್ತಾರೆ.

ಭಾಗವಾದ ಮೇಲಿನ ಸ್ಥಿತಿಗೆ 1882ರ ಈಸ್‌ಮೆಂಟ್ ಕಾಯ್ದೆ ಆಧಾರ. ಜಂಟಿ ಒಡೆತನ ಇರುವಷ್ಟು ಕಾಲ ಈಸ್‌ಮೆಂಟ್ ಎಂಬ ಮಾತೇ ಹುಟ್ಟುವುದಿಲ್ಲ, ತನ್ನದೇ ನೆಲದ ಮೇಲೆ ಯಾರೂ ಅನುಭೋಗದ ಹಕ್ಕು ಕೇಳಬೇಕಾಗಿಲ್ಲ. ಭಾಗವಾದ ಕ್ಷಣದಿಂದ ಪರಿಸ್ಥಿತಿ ಬದಲಾಗುತ್ತದೆ. ಆ ಕಾಯ್ದೆಯ 13ನೇ ಕಲಮು ಇಂಥ ಕುಟುಂಬಗಳಿಗಾಗಿಯೇ ಬರೆದಂತಿದೆ: ಜಂಟಿ ಆಸ್ತಿ ಭಾಗವಾದಾಗ ಒಬ್ಬನ ಪಾಲನ್ನು ಅನುಭವಿಸಲು ಇನ್ನೊಬ್ಬನ ಪಾಲಿನ ಮೇಲೆ ದಾರಿಯೋ ಕಾಲುವೆಯೋ ಇಲ್ಲದೆ ಆಗದು ಎಂದಿದ್ದರೆ ಆ ಹಕ್ಕು ಪಾಲಿನ ಜೊತೆಗೇ ಬರುತ್ತದೆ. ಭಾಗಕ್ಕೆ ಮುನ್ನ ಕಣ್ಣಿಗೆ ಕಾಣುವಂತೆ ನಿರಂತರವಾಗಿ ನಡೆದುಕೊಂಡು ಬಂದ ಅನುಕೂಲವೂ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಮುಂದುವರಿಯುತ್ತದೆ. ಕಟ್ಟೆಯಿಂದ ಹೊರಟ ಕಾಲುವೆ ಅಣ್ಣನ ಹೊಲದಲ್ಲಿ ಹಾದು ತಮ್ಮನ ತೋಟ ಸೇರುತ್ತಿದ್ದರೆ, ಭಾಗವಾದ ಮೇಲೆ ಅಣ್ಣ ಅದನ್ನು ಉತ್ತುಹಾಕುವಂತಿಲ್ಲ. ಪತ್ರದಲ್ಲಿ ಒಂದಕ್ಷರ ಇಲ್ಲದೆಯೂ ಈ ರಕ್ಷಣೆ ಇದೆ ಎಂಬುದು ಅನೇಕರಿಗೆ ತಿಳಿದೇ ಇಲ್ಲ. ಅನ್ಯರ ನೆಲದ ಮೇಲೆ ಬಳಕೆಯಿಂದ ಹಕ್ಕು ಸ್ಥಾಪಿಸಲು ಮಾತ್ರ 15ನೇ ಕಲಮಿನಂತೆ ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ಬಳಸಿರಬೇಕು. ಸರ್ಕಾರಿ ನೆಲವಾದರೆ ಮೂವತ್ತು ವರ್ಷ. ಕೋಡಿ ನೀರಿನ ವಿಷಯದಲ್ಲಿ 7ನೇ ಕಲಮು ಹೇಳುವುದು ಊರ ನ್ಯಾಯವನ್ನೇ. ಮೇಲಿನ ಹೊಲದಿಂದ ಸಹಜವಾಗಿ ಇಳಿಯುವ ನೀರನ್ನು ಕೆಳಗಿನವನು ಅಡ್ಡಗಟ್ಟಿ ಮೇಲಿನವನ ಹೊಲ ಮುಳುಗಿಸಬಾರದು.

ಪಾಲುದಾರರ ಸಂಖ್ಯೆಯೂ ಈಗ ಹಿಂದಿನಂತಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆದುಹಾಕಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು ಆ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿದ್ದರೇ ಇಲ್ಲವೇ ಎಂಬ ಪ್ರಶ್ನೆಯನ್ನೂ ಮುಗಿಸಿತು. ಅದೇ ತೀರ್ಪಿನ ಇನ್ನೊಂದು ಮಾತು ಹಳ್ಳಿಗಳಿಗೆ ಮುಖ್ಯ: ಬಾಯಿಮಾತಿನಲ್ಲಿ ಭಾಗವಾಗಿದೆ ಎಂದು ಹೇಳಿ ಹೆಣ್ಣುಮಕ್ಕಳ ಪಾಲು ತಪ್ಪಿಸಲಾಗದು, ಸಾರ್ವಜನಿಕ ದಾಖಲೆಯ ಬೆಂಬಲವಿದ್ದರೆ ಮಾತ್ರ ಅಪರೂಪಕ್ಕೆ ಅಂಥ ಭಾಗವನ್ನು ಒಪ್ಪಬಹುದು. ಬಿಳಿ ಹಾಳೆಯ ಮೇಲೆ ಹಿರಿಯರು ರುಜು ಹಾಕಿದ ಪಂಚಾಯ್ತಿ ಪಾರಿಕತ್ತಿನ ಬಲ ಇದರಿಂದ ಕುಗ್ಗಿದೆ. ಪಾಲುದಾರನೊಬ್ಬ ತನ್ನ ಅವಿಭಕ್ತ ಹಿಸ್ಸೆಯನ್ನು ಹೊರಗಿನವರಿಗೆ ಮಾರಿದರೆ ಕೊಂಡವರು ಅವನ ಜಾಗದಲ್ಲಿ ನಿಂತು ಭಾಗ ಕೇಳಬಹುದು. ಹಿಂದೂ ಕುಟುಂಬದಲ್ಲಿ ಉತ್ತರಾಧಿಕಾರದಿಂದ ಬಂದ ಆಸ್ತಿಯಾದರೆ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಂತೆ ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕಿದೆ. ಅದು ಕೃಷಿಭೂಮಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಪತ್ರ ಬರೆಸುವಾಗಲೇ ಬಹುಪಾಲು ತಕರಾರು ತಪ್ಪಿಸಬಹುದು. ತಂದೆಯ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ, ನಂತರ 11ಇ ನಕ್ಷೆ, ಆಮೇಲೆ ನೋಂದಾಯಿತ ವಿಭಾಗ ಪತ್ರ, ಕೊನೆಗೆ ಪೋಡಿ. ಪತ್ರದಲ್ಲಿ ಪ್ರತಿ ತುಂಡಿಗೂ ಚಕ್ಕುಬಂದಿ ಬರೆಯುವಷ್ಟೇ ಜತನದಿಂದ ಕಟ್ಟೆಗೂ ಒಂದು ಷೆಡ್ಯೂಲ್ ಬೇಕು. ಕಟ್ಟೆಯ ಅಳತೆ, ನೀರು ಬರುವ ಹಾದಿ ಯಾವ ಪಾಲಿನಲ್ಲಿ ಹಾದಿದೆ, ಕಾಲುವೆ ಅಥವಾ ಪೈಪಿನ ಅಗಲ, ಕಟ್ಟೆಗೆ ಹೋಗುವ ದಾರಿ, ಏರಿಯ ಮೇಲಿನ ಮರಗಳು ಯಾರವು, ಮೋಟರ್ ಎಷ್ಟು ಎಚ್‌ಪಿ ಮೀರಬಾರದು, ಸರದಿ ಎಷ್ಟು ದಿನಕ್ಕೆ ತಿರುಗುತ್ತದೆ, ಕರೆಂಟು ಹೋದ ದಿನ ಯಾರ ಲೆಕ್ಕ, ನೀರು ಇಂಥ ಮಟ್ಟಕ್ಕೆ ಇಳಿದರೆ ಬೆಳೆಗೆ ನಿಲ್ಲಿಸಿ ದನಕರುಗಳಿಗೆ ಮಾತ್ರ ಎಂಬ ಗೆರೆ. ಆ ಗೆರೆಯನ್ನು ಕಟ್ಟೆಯ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದರೆ ಕಾಗದ ಓದಲು ಬಾರದವರಿಗೂ ಕಾಣುತ್ತದೆ. ಸ್ಟ್ಯಾಂಪ್ ಕಾಗದದ ಎರಡು ಪುಟ ಹೆಚ್ಚಾದೀತು, ಅಷ್ಟೇ.

ಮಾತು ಮುರಿದ ಮೇಲೆ ದಾರಿಗಳು ಹಲವು. ಖಾತೆ ಬದಲಾವಣೆಗೆ ತಕರಾರು ಹಾಕಿದರೆ ತಹಶೀಲ್ದಾರರು ವಿಚಾರಣೆ ನಡೆಸುತ್ತಾರೆ. ಅಲ್ಲಿಂದ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಜಿಲ್ಲಾಧಿಕಾರಿಗೆ ರಿವಿಷನ್ ಇದೆ. ಆದರೆ ಒಡೆತನದ ಪ್ರಶ್ನೆಯನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸುವಂತಿಲ್ಲ. ಪಹಣಿಯಲ್ಲಿನ ನಮೂದು ಊಹೆಗೆ ಆಧಾರ, ಹಕ್ಕುಪತ್ರವಲ್ಲ. ಹೀಗಾಗಿ ಕೊನೆಗೆ ಸಿವಿಲ್ ಕೋರ್ಟು. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಭಾಗ ಕೇಳುವವರಿಗೆ ಕರ್ನಾಟಕದ ಕೋರ್ಟ್ ಫೀ ಕಾಯ್ದೆಯಲ್ಲಿ ಗರಿಷ್ಠ 200 ರೂಪಾಯಿ ಶುಲ್ಕ. ಹೊರಗಟ್ಟಲ್ಪಟ್ಟಿದ್ದೇನೆ ಎಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ದಾವೆಗಳಲ್ಲಿ ಎಲ್ಲರೂ ಜಂಟಿ ಸ್ವಾಧೀನದಲ್ಲೇ ಇರುವುದಕ್ಕೆ ಇದೂ ಒಂದು ಕಾರಣ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ, ಅವಾರ್ಡಿನ ಮೇಲೆ ಅಪೀಲು ಇರುವುದಿಲ್ಲ. ನೀರಿನ ಸರದಿಯಂಥ ವಿವರ ಬರೆಸಿಕೊಳ್ಳಲು ಅದು ತೀರ್ಪಿಗಿಂತ ಮೇಲು. ನ್ಯಾಯಾಧೀಶರು ಪಾಲಿನ ಪ್ರಮಾಣ ಹೇಳಿಯಾರು, ರಾತ್ರಿ ಸ್ಟಾರ್ಟರ್ ಯಾರು ಒತ್ತಬೇಕೆಂದು ಪಾಲುದಾರರೇ ಹೇಳಿಕೊಳ್ಳಬೇಕು.

ರಾಜಿಯಾಗದಿದ್ದರೆ ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದಷ್ಟೇ ನಿರ್ಧಾರವಾಗುತ್ತದೆ. ಯಾವ ತುಂಡು ಯಾರಿಗೆ ಎಂಬುದಕ್ಕೆ ಅಂತಿಮ ಡಿಕ್ರಿ ನಡೆಯಬೇಕು. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಯ ಮೂಲಕ ಅಳತೆಯಾಗಬೇಕು. ಪ್ರಾಥಮಿಕ ಡಿಕ್ರಿಯ ನಂತರ ಕಡತ ವರ್ಷಗಟ್ಟಲೆ ಮಲಗುವುದನ್ನು ಕಂಡು, ಬೇರೆ ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದಿನ ಹಂತಕ್ಕೆ ಹೋಗಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಸೂಚಿಸಿದೆ. ಒಡೆದರೆ ಕೆಡುವ ಸ್ವತ್ತಿಗೆ 1893ರ ವಿಭಾಗ ಕಾಯ್ದೆಯಲ್ಲಿ ಇನ್ನೊಂದು ಉಪಾಯವಿದೆ. ಅರ್ಧದಷ್ಟೋ ಹೆಚ್ಚೋ ಪಾಲಿನವರು ಕೇಳಿದರೆ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು, ಉಳಿದ ಪಾಲುದಾರರು ಕಟ್ಟಿದ ಬೆಲೆಗೆ ತಾವೇ ಕೊಳ್ಳಲು ಮುಂದೆ ಬರಬಹುದು. ಕಟ್ಟೆಯ ವಿಷಯದಲ್ಲಿ ಮಾರಾಟ ಯಾರಿಗೂ ಒಗ್ಗದ ಮಾತಾದ್ದರಿಂದ, ಅಂತಿಮ ಡಿಕ್ರಿಯಲ್ಲಿ ಅದನ್ನು ಜಂಟಿಯಾಗಿಯೇ ಉಳಿಸಿ ಎಂದು ಕೇಳಿಕೊಳ್ಳಬಹುದು. ಹಾಗೆ ಕೇಳುವವರು ಕೋರ್ಟ್ ಕಮಿಷನರ್ ಸ್ಥಳಕ್ಕೆ ಬಂದ ದಿನ ಹೊಲದ ಗಡಿಕಲ್ಲುಗಳ ಜೊತೆಗೆ ಕಾಲುವೆ, ತೂಬು, ಕೋಡಿ, ಮೋಟರ್ ಮನೆ, ದಾರಿ ಇವೂ ನಕ್ಷೆಯ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಆ ದಿನ ನಕ್ಷೆಗೆ ಬಾರದ ಕಾಲುವೆಯನ್ನು ಆಮೇಲೆ ಸಾಬೀತುಪಡಿಸಲು ಇನ್ನೊಂದು ದಾವೆಯೇ ಬೇಕಾಗುತ್ತದೆ.